ಗೋಡೆ ಕಚ್ಚಿದ ಬೆಲ್ಲ

ಆ ದನಿ ಗೋಡೆಯ ಕಿಂಡಿಯಿಂದ ಬಂದಾಗ ನಾನು ಸರದಿಯಲ್ಲಿ ನಾಲ್ಕನೆಯವಳಾಗಿ ನಿಂತು ಜೈನಾಬಿಯ ಜೊತೆ ಜಗಳ ಕಾಯುತ್ತಿದ್ದೆ. ಜೈನಾಬಿ ಸೂಜಿ, ಗುಂಡಿ, ಗಾಜಿನ ಮಣಿ ಮಾರುವವಳು. ಅವಳ ಇಡೀ ಅಂಗಡಿ ಸೆರಗಿನ ಒಂದು ಗಂಟಿನಲ್ಲಿ ಕೂರುತ್ತದೆ. ನಾನು ಒರಳುಕಲ್ಲು ಕಡೆಯುವವಳು. ನನ್ನ ಒಂದು ಸರಕನ್ನು ಎತ್ತಬೇಕಾದರೆ ನಾಲ್ಕು ಜನ ಬೇಕು, ಅದರಲ್ಲಿ ಇಬ್ಬರಾದರೂ ಬೆಳಿಗ್ಗೆ ಸರಿಯಾಗಿ ಉಂಡಿರಬೇಕು. ನಾವಿಬ್ಬರೂ ಚಿಕ್ಕಂದಿನಿಂದ ಗೆಳತಿಯರು. ಅದಕ್ಕೇ ದಿನಾ ಜಗಳ.

"ಕಲ್ಲ ಕೆತ್ತೂ ಕೆಂಚಮ್ಮ ಅನ್ನಾಕಿ ಅದಾಳೇನ ಅಲ್ಲಿ?" ಎಂದಿತು ದನಿ. ಮುದುಕಿಯ ದನಿ. ಬಹಳ ದೂರದ್ದು. ಹತ್ತಿರದ ಊರಿನ ದನಿಗಳು ಕಿಂಡಿಯಲ್ಲಿ ಗಟ್ಟಿಯಾಗಿ ಬರುತ್ತವೆ. ಇದು ಮಡಕೆಯೊಳಗಿಂದ ಬಂದ ಹಾಗಿತ್ತು.

ನಾನು ಮುಂದಿದ್ದ ಮೂವರನ್ನು ತಳ್ಳಿಕೊಂಡು ಹೋಗಿ ಕಿಂಡಿಗೆ ಬಾಯಿ ಕೊಟ್ಟೆ. "ಇದೀನಿ ಅಜ್ಜಿ, ಇದೀನಿ. ಹೇಳಿ."

"ನಾ ಬಾಳವ್ವ ಅಂತ. ನಮ್ಮೂರಾಗ ಕಲ್ಲ ಅನ್ನೂದ ಇಲ್ಲವ್ವಾ. ಎತ್ತ ನೋಡಿದ್ರೂ ಬರೇ ಉಸುಕು. ಚಟ್ನಿ ಅಂದ್ರ ಹೆಂಗಿರತದ ಅಂತ ಗೋಡಿಯಾಗ ಮಂದಿ ಮಾತಾಡೂದ ಕೇಳಿ ಗೊತ್ತಷ್ಟ. ನಲವತ್ತ ಮನಿ ಅದಾವು. ಮನಿಗೊಂದು ಒರಳು ಬೇಕು."

ನಲವತ್ತು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ವರ್ಷಕ್ಕೆ ಹನ್ನೆರಡು ಕಲ್ಲು ಹೋದರೆ ನಮ್ಮ ಮನೆಯಲ್ಲಿ ಪಾಯಸ ಮಾಡುತ್ತೇವೆ. ನನ್ನ ಜೊತೆ ಬಂಡೆಯಲ್ಲಿ ಕೆಲಸ ಮಾಡುವ ಮೂವರು ಹೆಂಗಸರು ಹೋದ ತಿಂಗಳೇ ಹೇಳಿದ್ದರು, ಇನ್ನೊಂದು ತಿಂಗಳು ಹೀಗೇ ಕೂತರೆ ಅಕ್ಕ, ನಾವು ಉಳಿ ಕೆಳಗಿಟ್ಟು ಇಟ್ಟಿಗೆ ಹೊರಲು ಹೋಗುತ್ತೇವೆ ಎಂದು. ಅವರು ಹೋದರೆ ಬಂಡೆ ಮುಚ್ಚಿದ ಹಾಗೆಯೇ. ಈಗ ನೋಡಿದರೆ ನಲವತ್ತು, ಅದೂ ಕಲ್ಲನ್ನೇ ಕಾಣದ ಊರಿಗೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜೈನಾಬಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಅವಳ ಗಂಟು ಬಿಚ್ಚಿ ಗುಂಡಿಗಳೆಲ್ಲ ಚೆಲ್ಲಿದವು. ಜಗಳಕ್ಕೆ ಇನ್ನೊಂದು ಕಾರಣ ಸಿಕ್ಕಿತು.

ನಮ್ಮೂರಿನ ಪಡುವಲಲ್ಲಿ ಆ ಗೋಡೆ ನಿಂತಿದೆ. ಅದರ ಆಚೆ ಏನೂ ಇಲ್ಲ, ಕುರುಚಲು ಗಿಡ ಅಷ್ಟೇ. ಮಧ್ಯದಲ್ಲಿ ಎದೆಮಟ್ಟಕ್ಕೆ ಒಂದು ಕಿಂಡಿ. ಅಲ್ಲಿ ನಿಂತು ನಿಮ್ಮ ಸರಕನ್ನು ಕೂಗಿ ಹೇಳಿದರೆ, ಇಂಥದ್ದೇ ಗೋಡೆ ಇರುವ ಎಲ್ಲ ಊರಿಗೂ ಕೇಳುತ್ತದೆ. ಬೇಕಾದವರು ಅವರ ಕಿಂಡಿಯಲ್ಲಿ ಬೆಲ್ಲ ಇಟ್ಟರೆ ಇಲ್ಲಿ ನಮ್ಮ ಕಿಂಡಿಯ ಹಾಸುಗಲ್ಲಿನ ಮೇಲೆ ಬಂದು ಕೂರುತ್ತದೆ. ಬೆಲ್ಲ ಯಾಕೆ ಎಂದರೆ ನಮ್ಮ ಕಡೆ ಕೊಡುವುದು ತೆಗೆದುಕೊಳ್ಳುವುದು ಎಲ್ಲ ಅಚ್ಚುಬೆಲ್ಲದಲ್ಲೇ. ಮಾತು ದಾಟುತ್ತದೆ, ಬೆಲ್ಲ ದಾಟುತ್ತದೆ. ಸರಕು ಮಾತ್ರ ದಾಟುವುದಿಲ್ಲ, ಅದು ಗಾಡಿಯಲ್ಲೇ ಹೋಗಬೇಕು. ಗೋಡೆ ತಾನಾಗಿ ಮಾತಾಡುವುದಿಲ್ಲ. ಆದರೆ ತನ್ನ ಪಾಲನ್ನು ಮರೆಯುವುದಿಲ್ಲ. ಬರುವ ಪ್ರತಿ ಅಚ್ಚಿನ ಒಂದು ಮೂಲೆಯನ್ನು ಕಚ್ಚಿಯೇ ಕಳಿಸುತ್ತದೆ. ಹಲ್ಲಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಎರಡು ಹಲ್ಲಿನ ನಡುವೆ ಸಣ್ಣ ಸಂದು ಕೂಡ ಇದೆ.

ಕಚ್ಚಲಿ, ಬೇಡ ಎಂದವರು ಯಾರು? ಅಷ್ಟು ದೂರದ ಮುದುಕಿಯ ಮಾತನ್ನು ನನ್ನ ಕಿವಿಗೆ ತಂದು ಹಾಕಿದೆ, ಅದಕ್ಕೂ ಹೊಟ್ಟೆ ಇದೆ. ಊರಿನ ಅಂಗಡಿಗಳಲ್ಲಿ ಎಂಜಲಚ್ಚು ನಡೆಯುತ್ತದೆ, ಯಾರೂ ಮೂಗು ಮುರಿಯುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಕೊಳ್ಳುವವರು ಇಡುವ ಬೆಲ್ಲದಲ್ಲಿ ಮೂರು ಪಾಲು ಇರುತ್ತದೆ. ಒಂದು ನನ್ನ ಕಲ್ಲಿನ ಬೆಲೆ. ಒಂದು ಸರ್ಕಾರದ ಸುಂಕ. ಇನ್ನೊಂದು ಗಾಡಿ ಬಾಡಿಗೆ. ಗೋಡೆ ಮೂರನ್ನೂ ಕಚ್ಚುತ್ತದೆ. ಸುಂಕದ ಕಟ್ಟೆಯಲ್ಲಿ ಎಂಜಲು ಬೆಲ್ಲ ಮುಟ್ಟುವುದಿಲ್ಲ. ಗಾಡಿಯವರೂ ಮುಟ್ಟುವುದಿಲ್ಲ. ಹಾಗಾಗಿ ಆಲೆಮನೆಗೆ ಹೋಗಿ ಮೂರು ಎಂಜಲಚ್ಚು ಕೊಟ್ಟು ಎರಡು ಇಡಿ ಅಚ್ಚು ತರಬೇಕು.

ಬಾಳವ್ವನ ಊರಿಗೆ ಒಂದು ಕಲ್ಲಿಗೆ ಬೆಲೆ ನಾಲ್ಕು ಅಚ್ಚು, ಸುಂಕ ಒಂದು, ಬಾಡಿಗೆ ಒಂಬತ್ತು. ಒಟ್ಟು ಹದಿನಾಲ್ಕು. ಸುಂಕಕ್ಕೂ ಗಾಡಿಗೂ ಸೇರಿ ಹತ್ತು ಇಡಿ ಅಚ್ಚು ಬೇಕು, ಅದಕ್ಕೆ ಹದಿನೈದು ಎಂಜಲಚ್ಚು ಕೊಡಬೇಕು. ನನ್ನ ಕೈಗೆ ಬರುವುದೇ ಹದಿನಾಲ್ಕು. ಅಂದರೆ ಕಲ್ಲನ್ನು ಪುಕ್ಕಟೆ ಕೊಟ್ಟು, ಮೇಲೆ ನನ್ನ ಮನೆಯ ಒಂದು ಅಚ್ಚನ್ನೂ ಸೇರಿಸಿ ಕೈಮುಗಿಯಬೇಕು. ನಲವತ್ತು ಸಲ.

"ಅಜ್ಜಿ, ಒಂದೆರಡು ಅಚ್ಚು ಜಾಸ್ತಿ ಆಗುತ್ತಾ?" ಎಂದು ಕೇಳಿದೆ.

"ಮನಿಗೆ ಹದಿನಾಕು ಅಂತ ಕೂಡ್ಸಿ ಇಟ್ಟೇವವ್ವಾ. ಅದರ ಮ್ಯಾಲ ಚೂರೂ ಇಲ್ಲ," ಎಂದಳು ಬಾಳವ್ವ. ಅವಳ ಹಿಂದೆ ತುಂಬಾ ಹೆಂಗಸರು ನಿಂತು ಉಸಿರಾಡುತ್ತಿದ್ದುದು ಕೇಳುತ್ತಿತ್ತು.

ಗೋಡೆಯ ನಿಯಮ ಏನೆಂದರೆ, ಬೇಡಿಕೆ ಮೂರು ಬೆಳಗು ನಿಲ್ಲುತ್ತದೆ. ಮೂರನೆಯ ಬೆಳಗು ಹೊತ್ತು ಏರುವುದರೊಳಗೆ 'ಆಯಿತು' ಅನ್ನದಿದ್ದರೆ ಆ ದನಿ ಬೇರೆ ಊರಿನ ಕಲ್ಲುಕುಟಿಗರ ಕಡೆ ಹೋಗುತ್ತದೆ, ಮತ್ತೆ ನಮ್ಮ ಕಿಂಡಿಗೆ ಬರುವುದಿಲ್ಲ. "ನಾಳಿದ್ದು ಹೇಳ್ತೀನಿ ಅಜ್ಜಿ," ಎಂದೆ. ಬೇರೆ ಯಾವ ಊರಲ್ಲೂ ನಮ್ಮ ಬಂಡೆಯಂಥ ಕಪ್ಪು ಕಲ್ಲು ಇಲ್ಲ. ಅವರ ಕಲ್ಲಲ್ಲಿ ರುಬ್ಬಿದರೆ ಚಟ್ನಿಯಲ್ಲಿ ಮರಳು ಸಿಗುತ್ತದೆ. ಮರಳಿನ ಊರಿಗೆ ಮತ್ತೆ ಮರಳು ತಿನ್ನಿಸುವುದೇ?

ಅಲ್ಲಿಂದ ನೇರ ಸುಂಕದ ಕಟ್ಟೆಗೆ ಓಡಿದೆ. ಅಲ್ಲಿ ಕೂರುವವರು ವೆಂಕೋಬರಾಯರು. ಒಳ್ಳೆಯ ಮನುಷ್ಯ, ಆದರೆ ನಿಯಮ ಅಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಹಿತ್ತಾಳೆ ತಟ್ಟೆ ಮುಂದಿಟ್ಟುಕೊಂಡು ಇರುವೆ ಓಡಿಸುತ್ತಿದ್ದರು.

"ರಾಯರೇ, ಇದೊಂದು ಸಲ ಕಚ್ಚಿದ ಅಚ್ಚು ತಗೊಳ್ಳಿ. ಸುಂಕ ನಂದಲ್ಲ, ನಿಮ್ಮದು. ನಿಮ್ಮದನ್ನ ಗೋಡೆ ಕಚ್ಚಿದರೆ ನೀವು ಗೋಡೇನ ಕೇಳಬೇಕು, ನನ್ನನ್ನಲ್ಲ."

"ಏನಮ್ಮ ಕೆಂಚಮ್ಮ, ಸರ್ಕಾರ ಎಂಜಲು ತಿನ್ನುತ್ತೇನಮ್ಮ?"

"ಹಂಗಾದ್ರೆ ಗೋಡೆಗೆ ಬಂದು ಹೇಳಿ, ಸರ್ಕಾರದ್ದನ್ನ ಕಚ್ಚಬೇಡ ಅಂತ."

"ಸರ್ಕಾರ ಗೋಡೆಯ ಹತ್ತಿರ ಮಾತಾಡೋದಿಲ್ಲ," ಎಂದು ಒಂದು ಇರುವೆಯನ್ನು ಊದಿದರು. ಅಲ್ಲಿಗೆ ಮುಗಿಯಿತು.

ಗಾಡಿ ನಿಲ್ದಾಣದಲ್ಲಿ ಮುಕ್ಕಣ್ಣ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ದೂರದ ದಾರಿಯ ಗಾಡಿಗಳಿಗೆಲ್ಲ ಅವನೇ ಯಜಮಾನ. ಹೊರಡುವ ಮುಂಚೆ ಬಾಡಿಗೆ ಬೆಲ್ಲದಲ್ಲಿ ಒಂದು ಅಚ್ಚನ್ನು ಎತ್ತುಗಳಿಗೆ ತಿನ್ನಿಸುವುದು ಅವರ ಕ್ರಮ. "ನಾನ್ ತಿಂದೇನು ಕೆಂಚಕ್ಕ, ನಂಗೇನು," ಎಂದ. "ಆದ್ರೆ ಎತ್ತಿಗೆ ಎಂಜಲು ತಿನ್ನಿಸಿ ಅಷ್ಟು ದೂರ ಹೊಡ್ಕಂಡು ಹೋದ್ರೆ ದಾರೀಲಿ ಮಲಗಿಬಿಡ್ತವೆ. ಮಾನ ಇರ್ತದೆ ಅವಕ್ಕೂ." ಆಮೇಲೆ ಗೊಣಗಿದ, "ಎತ್ತು ನಂದು, ಗಾಡಿ ನಂದು, ದಾರಿ ಸವೆಸೋನು ನಾನು. ಕಿಂಡೀಲಿ ಬಾಡಿಗೆ ಇಷ್ಟು ಅಂತ ಕೂಗೋರು ಮಾತ್ರ ನೀವು." ಅವನ ಗೊಣಗಾಟಕ್ಕೆ ನಾನು ಆವತ್ತು ಕಿವಿ ಕೊಡಲಿಲ್ಲ. ಕೊಡಬೇಕಿತ್ತು.

ಎರಡನೆಯ ಬೆಳಗಿಗೆ ನನ್ನ ಸಿಟ್ಟು ನೆತ್ತಿಗೇರಿತ್ತು. ಬಂಡೆಯ ಮೂವರು ಹೆಂಗಸರನ್ನೂ, ಮಡಕೆಯವರನ್ನೂ, ಬಾಗಿಲು ಚೌಕಟ್ಟು ಮಾಡುವ ಬಡಗಿಗಳನ್ನೂ, ಒಟ್ಟಿನಲ್ಲಿ ಭಾರದ ಸರಕಿನವರನ್ನೆಲ್ಲ ಕಟ್ಟಿಕೊಂಡು ಗೋಡೆಯ ಮುಂದೆ ಹೋಗಿ ನಿಂತೆ. ಎಲ್ಲರಿಗೂ ನನ್ನದೇ ಸಂಕಟ. ಚೌಕಟ್ಟಿನ ಬಡಗಿಯೊಬ್ಬ ತಾನು ಐದು ವರ್ಷದಿಂದ ನದಿಯಾಚೆಯ ಊರಿಗೆ ಒಂದು ಬಾಗಿಲನ್ನೂ ಕಳಿಸಿಲ್ಲ ಎಂದ. ನಮ್ಮ ಗದ್ದಲ ನೋಡಿ ಹಗುರ ಸರಕಿನವರೂ ಬಂದು ಸೇರಿದರು. ಅವರ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಜೈನಾಬಿ.

"ಬಾಡಿಗೆ ನಮ್ಮ ಕೈಲಿ ನಿಲ್ಲೋದಿಲ್ಲ. ಸುಂಕವೂ ನಿಲ್ಲೋದಿಲ್ಲ. ಬಂದ ಹಾಗೇ ದಾಟಿ ಹೋಗೋದು. ದಾಟಿ ಹೋಗೋದನ್ನ ಕಚ್ಚೋ ಹಕ್ಕು ಗೋಡೆಗೆ ಯಾರು ಕೊಟ್ಟರು?" ಎಂದೆ ನಾನು.

"ಹೂಂ, ಕಚ್ಚೋದು ಬೇಡ," ಎಂದಳು ಜೈನಾಬಿ. "ಆವಾಗ ಅದು ಹೊಟ್ಟೆಗೇನು ಮಾಡ್ತದೆ, ಹೇಳು? ನಿನ್ನ ಒಂಬತ್ತು ಅಚ್ಚಿನ ಬಾಡಿಗೆ ಬಿಟ್ಟಿದ್ದಕ್ಕೆ ನನ್ನ ಬೆಲೇನ ಎರಡೂ ಕಡೆ ಕಚ್ಚುತ್ತೆ. ನನ್ನ ಸೂಜಿ ಎಷ್ಟು ದೂರ ಹೋದರೂ ಬಾಡಿಗೆ ಕಾಲು ಅಚ್ಚು ಆಗಲ್ಲ. ನಿನ್ನ ಕಲ್ಲಿನ ಭಾರ ನಾನು ಯಾಕೆ ಹೊರಲಿ ಕೆಂಚಕ್ಕ?"

ಅವಳ ಮಾತಿನಲ್ಲಿ ನ್ಯಾಯ ಇತ್ತು. ಅದೇ ನನಗೆ ಇನ್ನೂ ಸಿಟ್ಟು ತರಿಸಿತು. ತಿರುಗಿ ಕಿಂಡಿಗೆ ಬಾಯಿಟ್ಟು, ಎಲ್ಲ ಊರಿಗೂ ಕೇಳುವ ಹಾಗೆ, "ಕಳ್ಳ ಗೋಡೆ ಇದು. ಪರರದ್ದನ್ನ ತಿನ್ನೋ ಗೋಡೆ," ಎಂದುಬಿಟ್ಟೆ.

ಗೋಡೆ ಸುಮ್ಮನಾಯಿತು. ಸಾಮಾನ್ಯವಾಗಿ ಕಿಂಡಿಯಲ್ಲಿ ಯಾವಾಗಲೂ ಒಂದು ಗುಸುಗುಸು ಇರುತ್ತದೆ, ದೂರದ ಊರುಗಳ ಮಾತು. ಅದೂ ನಿಂತಿತು. ಜೈನಾಬಿ ಗುಂಡಿ ಕೂಗಿ ನೋಡಿದಳು, ಉತ್ತರ ಇಲ್ಲ. ಬಡಗಿ ಕೂಗಿದ, ಇಲ್ಲ. ಮಧ್ಯಾಹ್ನದವರೆಗೆ ಒಬ್ಬರಿಗೂ ಒಂದು ಚೂರು ಬೆಲ್ಲ ಬರಲಿಲ್ಲ. ನಾನು ಕಟ್ಟಿಕೊಂಡು ಬಂದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು, ಹೋಗುವಾಗ ನನ್ನನ್ನು ನೋಡಿದ ನೋಟ ಬೇಡ. ಬೆಂಕಿಯ ಹಾಗೆ ಮನೆಯಿಂದ ಹೊರಟಿದ್ದವಳು ಒದ್ದೆ ಬೂದಿಯಾಗಿ ಮನೆಗೆ ಬಂದೆ.

ಅಪ್ಪ ಜಗಲಿಯ ಮೇಲೆ ಕೂತು ಯಾರದ್ದೋ ಹಳೆಯ ಒರಳಿಗೆ ಮುಳ್ಳು ಹೊಡೆಯುತ್ತಿದ್ದ. ರುಬ್ಬಿ ರುಬ್ಬಿ ನುಣ್ಣಗಾದ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಗುಳಿ ಹಾಕುವುದಕ್ಕೆ ಹಾಗೆನ್ನುತ್ತೇವೆ. ಅಪ್ಪನ ಹೆಸರು ಪಾಲಯ್ಯ. ಎಪ್ಪತ್ತೆರಡು ವರ್ಷ, ಕಣ್ಣು ಮಂಜು, ಆದರೆ ಕಲ್ಲಿನ ಸದ್ದು ಕೇಳಿ ಅದರ ಹೊಟ್ಟೆಯಲ್ಲಿ ಬಿರುಕಿದೆಯೇ ಇಲ್ಲವೇ ಹೇಳುತ್ತಾನೆ. ನಾನು ಗೋಡೆಗೆ ಬೈಯುತ್ತಾ ಕೂತೆ. ಎರಡು ಚೊಂಬು ನೀರು ಕುಡಿದು ಮತ್ತೆ ಬೈದೆ. ಅಪ್ಪನ ಸುತ್ತಿಗೆ ನಿಂತಿತು.

"ಬೈಬೇಡ ಕೆಂಚಿ," ಎಂದ. "ಅದು ಮೊದಲು ಬಾಡಿಗೆ ಕಚ್ಚುತ್ತಿರಲಿಲ್ಲ."

"ಏನಂದೆ?"

"ಬೆಲೆ ಒಂದನ್ನೇ ಕಚ್ಚುತ್ತಿತ್ತು. ಸುಂಕ, ಬಾಡಿಗೆ ಎಲ್ಲ ಇಡಿಯಾಗಿ ಬರುತ್ತಿತ್ತು. ನಂಗೆ ಆವಾಗ ಇಪ್ಪತ್ತೊಂದು. ಸಿಕ್ಕಾಪಟ್ಟೆ ಚುರುಕು ನಾನು. ಒಂದು ದಿನ ಕಿಂಡೀಲಿ ನಿಂತು ಕೂಗಿದೆ, ಒರಳು, ಬೆಲೆ ಒಂದು ಅಚ್ಚು, ಬಾಡಿಗೆ ಹನ್ನೆರಡು ಅಂತ. ಪಕ್ಕದೂರಿಗೆ ಮಗಾ. ಬಾಡಿಗೆ ಎರಡೂ ಆಗ್ತಿರಲಿಲ್ಲ. ಗೋಡೆ ಒಂದು ಅಚ್ಚು ಕಚ್ಚಿತು. ಮಿಕ್ಕಿದ್ದೆಲ್ಲ ಇಡಿ ಅಚ್ಚು, ನನ್ನ ಮಡಿಲಿಗೆ."

"ಊರಿನವರಿಗೆ ಗೊತ್ತಾಯ್ತಾ?" ಎಂದೆ.

"ಊರೆಲ್ಲ ನಗಾಡಿತು. ಒಂದು ವಾರ ಕಳೆಯೋದರಲ್ಲಿ ಊರೆಲ್ಲ ಅದನ್ನೇ ಮಾಡಿತು. ಸೂಜಿ ಮಾರೋರು, ಬೆಲೆ ಒಂದು ಚೂರು, ಬಾಡಿಗೆ ಎಂಟು ಅನ್ನೋರು. ಒಂದು ಸೂಜಿ ಎಳೆಯೋಕೆ ಎಷ್ಟು ಎತ್ತು ಬೇಕು ಹೇಳು. ಗೋಡೆ ದನಿ ಸೊರಗ್ತಾ ಬಂತು. ದೂರದೂರಿನ ಮಾತು ಕೇಳೋದೇ ನಿಂತುಹೋಯ್ತು. ಆಮೇಲೆ ಒಂದು ಬೆಳಗ್ಗೆ ಹೋಗಿ ನೋಡ್ತೀವಿ, ಹಾಸಿನ ಮೇಲೆ ಇದ್ದದ್ದೆಲ್ಲಾ ಕಚ್ಚಿಬಿಟ್ಟಿತ್ತು. ಯಾವುದು ಸುಂಕ, ಯಾವುದು ಬಾಡಿಗೆ ಅಂತ ನಮ್ಮ ಬಾಯಿ ಮಾತು ನಂಬೋದನ್ನ ಅದು ಬಿಟ್ಟುಬಿಟ್ಟಿತು." ಅಪ್ಪ ಉಳಿಯ ತುದಿಯನ್ನು ಹೆಬ್ಬೆರಳಿನಿಂದ ನೋಡಿಕೊಂಡ. "ಐವತ್ತು ವರ್ಷ ಆಯ್ತು. ನಿಮ್ಮವ್ವನಿಗೂ ಹೇಳಿರಲಿಲ್ಲ."

ನನಗೆ ಏನನ್ನಿಸಿತು ಎಂದು ನೇರವಾಗಿ ಹೇಳಿಬಿಡುತ್ತೇನೆ. ಮೊದಲು ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಆಮೇಲೆ ಇಪ್ಪತ್ತೊಂದು ವರ್ಷದ ಅಪ್ಪ ಮಡಿಲ ತುಂಬ ಬೆಲ್ಲ ತುಂಬಿಕೊಂಡು ಓಡುವುದು ಕಣ್ಣಿಗೆ ಕಟ್ಟಿ ನಗು ಬಂತು. ನಗು ನಿಂತ ಮೇಲೆ ತಲೆಯೊಳಗೆ ಮುಕ್ಕಣ್ಣನ ಗೊಣಗಾಟ ಎದ್ದು ಕೂತಿತು. ಎತ್ತು ನಂದು, ಗಾಡಿ ನಂದು, ಕೂಗೋರು ನೀವು. ನಾನು ದಡಕ್ಕನೆ ಎದ್ದು ನಿಂತ ರಭಸಕ್ಕೆ ಚೊಂಬು ಉರುಳಿ ಅಂಗಳಕ್ಕೆ ಹೋಯಿತು.

"ಅಪ್ಪ, ಸರಕು ಮಾರೋರು ಬಾಡಿಗೆ ಹೇಳಿದರೆ ತಾನೇ ಸುಳ್ಳು ಹೇಳೋಕಾಗೋದು? ಗಾಡಿಯವನೇ ಬಂದು ಹೇಳಿದರೆ? ಸುಂಕವನ್ನ ಸುಂಕದವರೇ ಹೇಳಿದರೆ? ನಾನು ನನ್ನ ಬೆಲೆ ಒಂದನ್ನೇ ಹೇಳ್ತೀನಿ. ಮೂರು ಪಾಲಿಗೆ ಮೂರು ಬಾಯಿ."

ಅಪ್ಪ ಸುತ್ತಿಗೆಯನ್ನು ಕೆಳಗಿಟ್ಟ. "ಅದು ಆಮೇಲಿನ ಮಾತು. ಮೊದಲು ಒಂದು ಬಾಯಿ ಬಿಚ್ಚಬೇಕು. ನಂದು," ಎಂದ.

"ಬೇಡ ಅಪ್ಪ. ಕಿಂಡೀಲಿ ಹೇಳಿದರೆ ಲೋಕಕ್ಕೆಲ್ಲ ಕೇಳುತ್ತೆ. ಪಾಲಯ್ಯನ ಕಲ್ಲು ಅಂದರೆ ಇವತ್ತಿಗೂ ಜನ ಕೈಮುಗಿದು ತಗೊಳ್ತಾರೆ."

"ಕಲ್ಲು ಚೆನ್ನಾಗಿದೆ, ಅದಕ್ಕೆ ತಗೊಳ್ತಾರೆ. ನಾನು ಚೆನ್ನಾಗಿದೀನಿ ಅಂತ ಅಲ್ಲ," ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡ.

ಆ ಸಂಜೆ ನಾನು ಊರೆಲ್ಲ ಓಡಿದೆ. ಮುಕ್ಕಣ್ಣನನ್ನು ಒಪ್ಪಿಸುವುದು ಸುಲಭವಾಯಿತು, ಅವನು ಎಷ್ಟೋ ವರ್ಷದಿಂದ ಇದನ್ನೇ ಗೊಣಗುತ್ತಿದ್ದವನು. ಜೈನಾಬಿಯ ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಮುಖ ಗಂಭೀರ ಮಾಡಿಕೊಂಡು, "ನಮ್ಮ ನಾನಿಯೂ ಸೂಜಿಗೆ ಎಂಟು ಅಚ್ಚು ಬಾಡಿಗೆ ತಗೊಂಡಿರಬೇಕು ಹಾಗಾದ್ರೆ," ಎಂದಳು. ನಾನಿ ಎಂದರೆ ಅವಳ ಅಜ್ಜಿ. "ಆದರೂ ಒಂದು ಮಾತು. ನನ್ನ ಬೆಲೆ ಎರಡು ಕಡೆ ಕಚ್ಚಿಸಿಕೊಂಡು ಬಂದರೆ ನಿನ್ನ ಜುಟ್ಟು ಹಿಡೀತೀನಿ." ಹಿಡಿ ಎಂದೆ. ರಾಯರ ಬಾಗಿಲಿಗೂ ಹೋದೆ. ಅವರು ಒಳಗಿಂದಲೇ, ಸರ್ಕಾರ ಗೋಡೆಯ ಹತ್ತಿರ ಮಾತಾಡುವುದಿಲ್ಲ ಎಂದರು.

ಮೂರನೆಯ ಬೆಳಗು. ಅಪ್ಪನ ಕೈ ಹಿಡಿದು ಗೋಡೆಯ ಹತ್ತಿರ ಬಂದರೆ ಊರಿಗೆ ಊರೇ ನೆರೆದಿತ್ತು. ಕಿಂಡಿ ಇನ್ನೂ ಸುಮ್ಮನೆ ಇತ್ತು. ಅಪ್ಪ ಅದರ ಅಂಚನ್ನು ತಡಕಿ ನೋಡಿದ. ಆ ಅಂಚಿನ ಕಲ್ಲನ್ನು ಒಮ್ಮೆ ಅವನೇ ಸರಿಪಡಿಸಿದ್ದನಂತೆ. ಆಮೇಲೆ ಬಾಯಿ ಹತ್ತಿರ ತಂದು, ಯಾರನ್ನೋ ಮನೆ ಬಾಗಿಲಲ್ಲಿ ಮಾತಾಡಿಸಿದ ಹಾಗೆ ಹೇಳಿದ.

"ನಾನು ಕಲ್ಲುಕುಟಿಗ ಪಾಲಯ್ಯ. ನಿನ್ನೆ ನನ್ನ ಮಗಳು ನಿನ್ನನ್ನ ಕಳ್ಳ ಅಂದಳು. ಅವಳಿಗೆ ಗೊತ್ತಿರಲಿಲ್ಲ. ಒಂದು ಅಚ್ಚಿನ ಕಲ್ಲಿಗೆ ಹನ್ನೆರಡು ಅಚ್ಚು ಬಾಡಿಗೆ ಅಂತ ಸುಳ್ಳು ಹೇಳಿ ನಿನ್ನ ಹೊಟ್ಟೆ ಮೇಲೆ ಹೊಡೆದವನು ನಾನು. ಮೊದಲು ಮಾಡಿದವನು ನಾನೇ. ತಪ್ಪಾಯ್ತು."

ನಾನು ಅಪ್ಪನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಮೊದಲು ಸಣ್ಣ ಗುಸುಗುಸು ಬಂತು. ಆಮೇಲೆ ಎಲ್ಲಿಂದಲೋ ಒಬ್ಬ ಮುದುಕನ ದನಿ, "ಮೊದಲು ಮಾಡಿದೋನು ನಾನು ಅಂದ್ಕೊಂಡಿದ್ದೆನಲ್ಲಯ್ಯ ಇಷ್ಟು ವರ್ಷ. ನಾನು ಹಾರೆಗೆ ಮಾಡಿದೆ." ಅದರ ಹಿಂದೆ ಇನ್ನೊಂದು ಊರಿನ ಹೆಂಗಸು, "ನಮ್ಮಜ್ಜ ಬುಟ್ಟಿಗೆ ಮಾಡ್ತಿದ್ದನಂತೆ." ಇನ್ನೊಂದು, ಮತ್ತೊಂದು. ಕಂಬಳಿ, ಕುಡುಗೋಲು, ಹಪ್ಪಳ, ತೊಟ್ಟಿಲು. ಲೋಕದ ಎಲ್ಲ ಊರಿನ ಹಳೆಯ ಕಳ್ಳತನಗಳು ನಮ್ಮ ಕಿಂಡಿಯಿಂದ ಸುರಿಯತೊಡಗಿದವು. ಜೈನಾಬಿ ನನ್ನನ್ನು ಪಕ್ಕಕ್ಕೆ ತಳ್ಳಿ, "ನಮ್ಮ ನಾನಿ ಸೂಜಿಗೆ," ಎಂದು ಕೂಗಿ ಬಂದಳು. ಜನ ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ.

ಆ ಗದ್ದಲದ ನಡುವೆ ಮಡಕೆಯೊಳಗಿನ ದನಿ ಬಂತು. "ಕೆಂಚವ್ವಾ, ಹೊತ್ತ ಏರಾಕತ್ತೇತಿ. ಹೂಂ ಅಂತೀಯೋ ಇಲ್ಲೋ?"

"ಇರಜ್ಜಿ," ಎಂದು ಕೂಗಿದೆ. "ಕಲ್ಲಿನ ಬೆಲೆ ನಾಲ್ಕು ಅಚ್ಚು. ಅದು ನನ್ನ ಮಾತು. ಬಾಡಿಗೆ ಗಾಡಿಯವನ ಬಾಯಲ್ಲೇ ಕೇಳು." ಮುಕ್ಕಣ್ಣನನ್ನು ಎಳೆದು ಕಿಂಡಿಗೆ ನಿಲ್ಲಿಸಿದೆ.

ಹತ್ತು ಗಾಡಿಗೆ ಕೇಳುವ ಹಾಗೆ ಕೂಗುವ ಮನುಷ್ಯ ಕಿಂಡಿಯ ಮುಂದೆ ಬಾಯಿ ಕಟ್ಟಿ ನಿಂತುಬಿಟ್ಟ. ಬೆವರು ಸುರಿಯಿತು. ಹೇಳಣ್ಣ ಎಂದರೆ ತಲೆ ಅಲ್ಲಾಡಿಸಿದ. ಹೊತ್ತು ಏರುತ್ತಿದೆ, ನನ್ನ ಜೀವ ಹೋಗುತ್ತಿದೆ. ಕೊನೆಗೆ ಜೈನಾಬಿ ಓಡಿ ಹೋಗಿ ಅವನ ನೊಗದ ಎಡಗಡೆಯ ಎತ್ತನ್ನು ಹಿಡಿದು ತಂದಳು. ಎತ್ತನ್ನು ಕಿಂಡಿಯ ಪಕ್ಕ ನಿಲ್ಲಿಸಿದ ಮೇಲೆ ಮುಕ್ಕಣ್ಣ ಅದರ ಕಿವಿಯ ಹತ್ತಿರ ಬಾಗಿ, "ಏ ಮಗನೆ, ಉಸುಕಿನೂರಿಗೆ ಕಲ್ಲಿಗೆ ಒಂಬತ್ತು ಅಚ್ಚು ಕಣೋ. ಹನ್ನೆರಡು ದಿನದ ದಾರಿ. ಒಂದು ಚೂರು ಜಾಸ್ತಿ ಇಲ್ಲ, ಒಂದು ಚೂರು ಕಮ್ಮಿ ಇಲ್ಲ," ಎಂದ. ಎತ್ತು ಕಿವಿ ಒದರಿತು. ಲೋಕಕ್ಕೆಲ್ಲ ಕೇಳಿತು.

ಉಳಿದದ್ದು ಸುಂಕ. ನಾನು ಸುಂಕದ ಕಟ್ಟೆಯ ಕಡೆಗೆ ನೋಡಿದರೆ ಕರಿಕೋಟು ಹಾಕಿಕೊಂಡು, ಖಾಲಿ ಹಿತ್ತಾಳೆ ತಟ್ಟೆಯನ್ನು ಎದೆಗೆ ಅವುಚಿಕೊಂಡು ವೆಂಕೋಬರಾಯರು ಬರುತ್ತಿದ್ದರು. ಹಿಂದಿನ ದಿನ ಗೋಡೆ ಸುಮ್ಮನಿದ್ದುದರಿಂದ ಅವರ ತಟ್ಟೆಗೆ ಒಂದು ಅಚ್ಚೂ ಬಿದ್ದಿರಲಿಲ್ಲ. ಇರುವೆಗಳೂ ಬಿಟ್ಟುಹೋಗಿದ್ದವಂತೆ. ಅವರು ಯಾರ ಮುಖವನ್ನೂ ನೋಡದೆ ಕಿಂಡಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ಸರ್ಕಾರ ಗೋಡೆಯ ಹತ್ತಿರ ಮಾತಾಡೋದಿಲ್ಲ. ನಾನು ಸುಮ್ಮನೆ ಜೋರಾಗಿ ಯೋಚನೆ ಮಾಡ್ತಿದೀನಿ. ಒರಳುಕಲ್ಲು ಒಂದಕ್ಕೆ ಸುಂಕ ಒಂದು ಅಚ್ಚು."

"ಆಯಿತು ಅಜ್ಜಿ," ಎಂದೆ ನಾನು. ಗೋಡೆ ಮೊದಲಿನ ಹಾಗೇ ಎಲ್ಲವನ್ನೂ ಕಚ್ಚಿ ಕಳಿಸಿದರೆ ನಲವತ್ತು ಕಲ್ಲನ್ನು ನಾನು ಪುಕ್ಕಟೆ ಕಡೆಯಬೇಕು, ಮನೆಯ ಬೆಲ್ಲವನ್ನೂ ಕಳೆದುಕೊಳ್ಳಬೇಕು. ಕೊಟ್ಟ ಮಾತು ಕೊಟ್ಟದ್ದೇ. ನನ್ನ ಮೂವರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹಾಸನ್ನೇ ನೋಡುತ್ತಿದ್ದರು.

ಬೆಲ್ಲ ಬರತೊಡಗಿತು. ಮೊದಲ ಮನೆಯ ಕಲ್ಲಿಗೆ ನಾಲ್ಕು ಅಚ್ಚು, ನಾಲ್ಕಕ್ಕೂ ಒಂದೊಂದು ಮೂಲೆಯಲ್ಲಿ ಹಲ್ಲಿನ ಗುರುತು, ನಡುವೆ ಅದೇ ಸಂದು. ನಂತರ ಒಂದು ಅಚ್ಚು ಬಂದು ಕೂತಿತು. ರಾಯರು ಅದನ್ನು ಎತ್ತಿ ನಾಲ್ಕೂ ಮೂಲೆ ತಿರುಗಿಸಿ ನೋಡಿದರು. ಐವತ್ತು ವರ್ಷದಿಂದ ಆ ಕಿಂಡಿಯಲ್ಲಿ ಯಾರೂ ಕಾಣದ ಇಡಿ ಅಚ್ಚು. ಅವರ ತಟ್ಟೆಯಲ್ಲಿ ಅದು ಟಣ್ ಎಂದಿತು. ಆಮೇಲೆ ಒಂಬತ್ತು, ಒಂದಾದ ಮೇಲೊಂದು, ಎಲ್ಲ ಇಡಿ. ಮುಕ್ಕಣ್ಣ ಮೊದಲನೆಯದನ್ನು ಅಲ್ಲೇ ಎತ್ತಿನ ಬಾಯಿಗಿಟ್ಟ. ನಾನು ಏನು ಕೂಗಿದೆನೋ ನನಗೇ ಗೊತ್ತಿಲ್ಲ. ಬಾಳವ್ವನ ಊರಿನ ಹೆಂಗಸರು ಅದಕ್ಕೆ ಗಾಬರಿಯಾದರು ಎಂದು ಆಮೇಲೆ ತಿಳಿಯಿತು.

ಜೈನಾಬಿ ಆವತ್ತೇ ಒಂದು ಕಟ್ಟು ಸೂಜಿ ಮಾರಿ ನೋಡಿದಳು. ಅವಳ ಅಚ್ಚಿಗೆ ಎಂದಿನ ಒಂದೇ ಕಚ್ಚು, ಆದರೆ ಮೊದಲಿಗಿಂತ ಒಂದು ಕೂದಲೆಳೆ ಆಳ ಎಂದು ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ನಾನು ಅಳೆದು ನೋಡಲು ಹೋಗಿಲ್ಲ. ಅವಳು ನನ್ನ ಜುಟ್ಟನ್ನೂ ಹಿಡಿದಿಲ್ಲ.

ಎರಡು ತಿಂಗಳು ನಾವು ನಾಲ್ವರು ಬಂಡೆಯಲ್ಲಿ ಹಬ್ಬದ ಹಾಗೆ ಕೆಲಸ ಮಾಡಿದೆವು. ಒಬ್ಬರೂ ಇಟ್ಟಿಗೆಯ ಮಾತೆತ್ತಲಿಲ್ಲ. ಪ್ರತಿ ಕಲ್ಲನ್ನೂ ಅಪ್ಪ ಕಿವಿಯಿಟ್ಟು ಬಡಿದು ನೋಡಿದ. ಕೊನೆಯಲ್ಲಿ ಅವಸರವಾಗಿ, ಐದನ್ನು ಮಾತ್ರ ಅವನಿಗೆ ತೋರಿಸದೆ ಗಾಡಿಗೆ ಏರಿಸಿದೆ. ಮುಕ್ಕಣ್ಣ ಹತ್ತು ಗಾಡಿ ಕಟ್ಟಿಕೊಂಡು ಹೊರಟ.

ಹದಿಮೂರನೆಯ ಬೆಳಗು ಬಾಳವ್ವ ನನ್ನನ್ನು ಕರೆಯಲಿಲ್ಲ. ಅಪ್ಪನನ್ನು ಕರೆದಳು. "ಪಾಲಯ್ಯಾ ಅನ್ನಾವ ಅದಾನೇನ? ಕೇಳಲ್ಲಿ," ಎಂದಳು ಅಷ್ಟೇ. ಆಮೇಲೆ ಕಿಂಡಿಯಿಂದ ಸದ್ದು ಬಂತು. ಮೊದಲು ಒಂದು ಕಲ್ಲು, ಅಂಜುತ್ತಾ ಅಂಜುತ್ತಾ, ಗುರ್ ಗುರ್. ಆಮೇಲೆ ಇನ್ನೊಂದು. ಅವರು ನಲವತ್ತು ಒರಳುಗಳನ್ನೂ ಗೋಡೆಯ ಮುಂದೆ ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಹುಟ್ಟಿದಂದಿನಿಂದ ಚಟ್ನಿ ಕಾಣದ ಊರು ರುಬ್ಬತೊಡಗಿತ್ತು. ನಮ್ಮ ಸರದಿಯಲ್ಲಿ ನಿಂತವರು ತಮ್ಮ ಸರಕು ಕೂಗುವುದನ್ನು ಬಿಟ್ಟು ಕೇಳುತ್ತಾ ನಿಂತರು.

ಅಪ್ಪ ಕಣ್ಣು ಮುಚ್ಚಿ, ಕಿವಿಯನ್ನು ಕಿಂಡಿಗೆ ಒತ್ತಿಕೊಂಡು, ಎಲ್ಲ ಸದ್ದು ಮುಗಿಯುವವರೆಗೂ ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೂವತ್ತೈದು ಚೆನ್ನಾಗಿವೆ," ಎಂದ. "ಐದಕ್ಕೆ ಮುಳ್ಳು ಸಾಲದು ಕೆಂಚಿ. ಅಜ್ಜಿಗೆ ಹೇಳು, ಮುಂದಿನ ಗಾಡಿಗೆ ಉಳಿ ಕಟ್ಟಿಕೊಂಡು ನಾನೇ ಬರ್ತೀನಿ ಅಂತ. ನನ್ನ ಬಾಡಿಗೆ ಎಷ್ಟು ಅಂತ ಮುಕ್ಕಣ್ಣನೇ ಹೇಳಲಿ."